ಹೆಸರು ಬದಲಿಸಿದರೂ ಗುರುತು ಸಿಗುತ್ತದೆ: ತೆರೆಯ ಮೇಲೆ ನಿಜ ಮನುಷ್ಯರ ಬದುಕು

2025ರ ನವೆಂಬರ್ ಮೊದಲ ವಾರ. 'ಹಕ್' ಎಂಬ ಹಿಂದಿ ಸಿನಿಮಾ ಬಿಡುಗಡೆಗೆ ಕೆಲವೇ ದಿನ ಬಾಕಿ ಇತ್ತು. ಯಾಮಿ ಗೌತಮ್, ಇಮ್ರಾನ್ ಹಾಶ್ಮಿ ನಟಿಸಿದ ಈ ಸಿನಿಮಾಕ್ಕೆ ತಡೆ ಕೊಡಬೇಕು ಎಂದು ಒಬ್ಬ ಮಹಿಳೆ ಮಧ್ಯಪ್ರದೇಶ ಹೈಕೋರ್ಟಿನ ಇಂದೋರ್ ಪೀಠದ ಮೆಟ್ಟಿಲೇರಿದರು. ಅವರು ಶಾಬಾನು ಅವರ ಮಗಳು. ತಾಯಿಯ ಬದುಕನ್ನು ಸಿನಿಮಾ ಮಾಡುವ ಮೊದಲು ವಾರಸುದಾರರನ್ನು ಒಂದು ಮಾತು ಕೇಳಿಲ್ಲ, ಮನೆಯೊಳಗಿನ ಸಂಗತಿಗಳನ್ನು ತಮಗೆ ಬೇಕಾದ ಹಾಗೆ ತೋರಿಸಿದ್ದಾರೆ ಎಂಬುದು ಅವರ ದೂರು.

ಹೈಕೋರ್ಟ್ ಅರ್ಜಿಯನ್ನು ವಜಾ ಮಾಡಿತು. ಒಬ್ಬ ವ್ಯಕ್ತಿ ಬದುಕಿದ್ದಾಗ ಗಳಿಸಿದ ಖಾಸಗಿತನವಾಗಲೀ ಮಾನವಾಗಲೀ ಅವರ ಮರಣದೊಂದಿಗೆ ಮುಗಿಯುತ್ತದೆ, ಮನೆ ಜಮೀನಿನ ಹಾಗೆ ಅದು ಮಕ್ಕಳಿಗೆ ಪಾಲಿಗೆ ಬರುವುದಿಲ್ಲ ಎಂಬುದು ತೀರ್ಪಿನ ಸಾರ. ಸಿನಿಮಾದಲ್ಲಿ ಹೇಗೂ 'ಇದು ಕಾಲ್ಪನಿಕ' ಎಂಬ ಸೂಚನೆ ಇದೆ ಎಂಬುದನ್ನೂ ಕೋರ್ಟ್ ಗಮನಿಸಿತು. ನವೆಂಬರ್ 7ರಂದು ಸಿನಿಮಾ ತೆರೆಗೆ ಬಂತು.

ಕಾನೂನಿನ ಪ್ರಕಾರ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಹಿಂದೆಯೂ ಬೇರೆ ಹೈಕೋರ್ಟುಗಳು ಇದೇ ಮಾತು ಹೇಳಿವೆ. ಜಯಲಲಿತಾ ಕುರಿತ ಸಿನಿಮಾದ ವಿರುದ್ಧ ಅವರ ಅಣ್ಣನ ಮಗಳು ಮದ್ರಾಸ್ ಹೈಕೋರ್ಟಿಗೆ ಹೋದಾಗಲೂ, ನಟ ಸುಶಾಂತ್ ಸಿಂಗ್ ರಜಪೂತ್ ಕುರಿತ ಸಿನಿಮಾದ ವಿರುದ್ಧ ಅವರ ತಂದೆ ದಿಲ್ಲಿ ಹೈಕೋರ್ಟಿಗೆ ಹೋದಾಗಲೂ ಫಲಿತಾಂಶ ಇದೇ ಆಗಿತ್ತು. ಆದರೆ ಕೋರ್ಟ್ ಉತ್ತರ ಕೊಟ್ಟದ್ದು 'ತಡೆಯಬಹುದೇ' ಎಂಬ ಪ್ರಶ್ನೆಗೆ ಮಾತ್ರ. 'ಹೀಗೆ ಮಾಡುವುದು ಸರಿಯೇ' ಎಂಬ ಪ್ರಶ್ನೆ ಬೇರೆಯೇ. ಅದು ನ್ಯಾಯಾಧೀಶರ ಮುಂದೆ ಬರುವುದಿಲ್ಲ, ಕಥೆ ಬರೆಯುವವನ ಮೇಜಿನ ಮೇಲೆ ಬರುತ್ತದೆ, ಆಮೇಲೆ ನೋಡುವವರ ಮೊಬೈಲಿಗೂ ಬರುತ್ತದೆ.

ದಾಖಲೆಯಲ್ಲಿ ಇರುವುದು, ಇಲ್ಲದಿರುವುದು

ಶಾಬಾನು ಹೆಸರು ಕೇಳದವರು ಕಡಿಮೆ. ಆದರೆ ಯುವಕರಲ್ಲಿ ಎಷ್ಟೋ ಮಂದಿಗೆ ಅವರ ಕಥೆ ಟಿವಿ ಚರ್ಚೆಗಳ ಅರಚಾಟದಲ್ಲಿ ಕಿವಿಗೆ ಬಿದ್ದಷ್ಟೇ ಗೊತ್ತು. ಇಂದೋರ್‌ನ ವಕೀಲರೊಬ್ಬರ ಜೊತೆ 1932ರಲ್ಲಿ ಮದುವೆ. ಐವರು ಮಕ್ಕಳು. ಪತಿ ಎರಡನೇ ಮದುವೆಯಾಗಿದ್ದರು. ಸಂಸಾರ ನಡೆಸಿ ನಲವತ್ತಮೂರು ವರ್ಷಗಳಾದ ಮೇಲೆ 1975ರಲ್ಲಿ ಶಾಬಾನು ಮನೆಯಿಂದ ಹೊರಗಾದರು. 1978ರ ಏಪ್ರಿಲ್‌ನಲ್ಲಿ ಜೀವನಾಂಶ ಕೇಳಿ ಕೋರ್ಟಿಗೆ ಹೋದರು. ಅದೇ ವರ್ಷ ನವೆಂಬರ್‌ನಲ್ಲಿ ಪತಿ ತಲಾಖ್ ಹೇಳಿದರು. ಮ್ಯಾಜಿಸ್ಟ್ರೇಟ್ ಕೋರ್ಟ್ ತಿಂಗಳಿಗೆ 25 ರೂಪಾಯಿ ಕೊಡಲು ಹೇಳಿತು, ಹೈಕೋರ್ಟ್ ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ಇಷ್ಟು ದುಡ್ಡಿನ ಪ್ರಕರಣ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದವರೆಗೆ ಹೋಗಿ, 1985ರ ಏಪ್ರಿಲ್ 23ರಂದು ಅವರ ಪರವಾಗಿ ತೀರ್ಪು ಬಂತು. ಮರುವರ್ಷ ಸಂಸತ್ತು ಮುಸ್ಲಿಂ ಮಹಿಳೆಯರ ವಿಚ್ಛೇದನ ಹಕ್ಕುಗಳ ಕುರಿತು ಹೊಸ ಕಾಯ್ದೆ ತಂದಿತು. 2001ರಲ್ಲಿ ಡಾನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಎತ್ತಿಹಿಡಿಯುತ್ತಲೇ, ಇದ್ದತ್ ಅವಧಿ ಮುಗಿದ ನಂತರದ ಬದುಕಿಗೂ ನ್ಯಾಯಯುತ ಏರ್ಪಾಡು ಆಗಬೇಕು ಎಂದಿತು. ಅಷ್ಟರಲ್ಲಿ ಶಾಬಾನು ತೀರಿಹೋಗಿ ಸುಮಾರು ಒಂಬತ್ತು ವರ್ಷ ಕಳೆದಿತ್ತು.

ಇದಿಷ್ಟು ದಾಖಲೆ. ಯಾರೂ ಬೇಕಾದರೆ ಬರೆಯಬಹುದು, ಸಿನಿಮಾ ಮಾಡಬಹುದು, ಯಾರ ಅಪ್ಪಣೆಯೂ ಬೇಡ. ಆದರೆ ಈ ಕಥೆಯಲ್ಲಿ ಇನ್ನೊಂದು ಸಂಗತಿ ಇದೆ. ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಅದೇ ವರ್ಷ, ಆ ತೀರ್ಪು ತನಗೆ ಬೇಡ ಎನ್ನುವ ಬಹಿರಂಗ ಪತ್ರವೊಂದು ಶಾಬಾನು ಹೆಸರಿನಲ್ಲಿ ಹೊರಬಂತು. ಏಳು ವರ್ಷ ಕೋರ್ಟು ಅಲೆದ ಹೆಂಗಸು ಗೆದ್ದ ಮೇಲೆ ಬೇಡ ಎಂದದ್ದು ಯಾಕೆ? ಊರವರ, ಮುಖಂಡರ ಒತ್ತಡವೇ? ಸ್ವಂತ ನಂಬಿಕೆಯೇ? ತನ್ನ ಹೆಸರಲ್ಲಿ ಹೊರಗೆ ನಡೆಯುತ್ತಿದ್ದ ಗಲಾಟೆ ನೋಡಿ ಸಾಕಾಗಿತ್ತೇ? ಮೂರೂ ಸ್ವಲ್ಪ ಸ್ವಲ್ಪ ಇದ್ದಿರಬಹುದೇ?

ಇತಿಹಾಸ ಬರೆಯುವವನು ಇಲ್ಲಿ 'ಮೂರೂ ಸಾಧ್ಯ' ಎಂದು ಬರೆದು ಮುಂದೆ ಹೋಗಬಹುದು. ಸಿನಿಮಾ ಮಾಡುವವನಿಗೆ ಆ ಅನುಕೂಲ ಇಲ್ಲ. ಅವನು ನಟಿಯ ಮುಖಕ್ಕೆ ಒಂದು ಭಾವ ಕೊಡಲೇಬೇಕು. ಪತ್ರಕ್ಕೆ ಸಹಿ ಮಾಡುವಾಗ ಅವಳು ಅಳುತ್ತಾಳೋ, ಸುಮ್ಮನಿರುತ್ತಾಳೋ, ನಿಟ್ಟುಸಿರು ಬಿಡುತ್ತಾಳೋ, ಯಾವುದೋ ಒಂದು. ಅಥವಾ ಪತ್ರವನ್ನೇ ಬಿಟ್ಟು, ತೀರ್ಪು ಬಂದಲ್ಲಿಗೆ ಕಥೆ ಮುಗಿಸಬಹುದು, ಅದೂ ಒಂದು ಆಯ್ಕೆಯೇ. ಯಾವುದನ್ನು ಆರಿಸಿದರೂ ಒಬ್ಬ ನಿಜವಾದ ಹೆಂಗಸಿನ ಮನಸ್ಸಿನ ಬಗ್ಗೆ ಒಂದು ತೀರ್ಮಾನ ಕೊಟ್ಟಂತೆ ಆಗುತ್ತದೆ. ಸಿನಿಮಾ ಕೋಟಿ ಜನರಿಗೆ ತಲುಪುತ್ತದೆ, ಪತ್ರ ಯಾವುದೋ ಹಳೇ ಪತ್ರಿಕೆಯ ಕಟ್ಟಿನಲ್ಲಿ ಉಳಿಯುತ್ತದೆ.

'ಹಕ್' ಸಿನಿಮಾದಲ್ಲಿ ಶಾಬಾನು ಶಾಝಿಯಾ ಬಾನು ಆಗಿದ್ದಾರೆ, ಪತಿ ಅಬ್ಬಾಸ್ ಖಾನ್ ಆಗಿದ್ದಾರೆ. ಹೆಸರು ಬದಲಿಸಿದರೆ ಕೆಲಸ ಮುಗಿಯಿತೇ? ಪೋಸ್ಟರಿನಿಂದ ಹಿಡಿದು ಸಂದರ್ಶನದವರೆಗೆ ಎಲ್ಲ ಕಡೆ ಶಾಬಾನು ಹೆಸರೇ ಮಾರುಕಟ್ಟೆಗೆ ಬಂದಿದೆ. ಪ್ರಚಾರಕ್ಕೆ 'ಇದು ಅವರ ಕಥೆ', ಕೋರ್ಟಿಗೆ 'ಇದು ಯಾರ ಕಥೆಯೂ ಅಲ್ಲ'. ಈ ಎರಡು ನಾಲಗೆಯ ಮಾತು ಒಂದೇ ಸಿನಿಮಾದ ಚಾಳಿಯಲ್ಲ, ಇಡೀ ಉದ್ಯಮದ ರೂಢಿ.

ಬದುಕಿಗೆ ಕಾಪಿರೈಟ್ ಇಲ್ಲ

ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ಓದದವರೂ 'ಬ್ಯಾರಿ' ಸಿನಿಮಾದ ಹೆಸರು ಕೇಳಿರುತ್ತಾರೆ. ಬ್ಯಾರಿ ಭಾಷೆಯ ಆ ಚಿತ್ರಕ್ಕೆ 2011ನೇ ಸಾಲಿನ ಅತ್ಯುತ್ತಮ ಚಿತ್ರ ರಾಷ್ಟ್ರಪ್ರಶಸ್ತಿ ಮರಾಠಿಯ 'ದೇವೂಳ್' ಜೊತೆ ಹಂಚಿಕೆಯಾಗಿ ಬಂತು. ತನ್ನ ಕಾದಂಬರಿಯನ್ನು ಅನುಮತಿ ಇಲ್ಲದೆ ಬಳಸಿದ್ದಾರೆ ಎಂದು ಸಾರಾ ಮಂಗಳೂರಿನ ಕೋರ್ಟಿಗೆ ಹೋದರು, ಅವರ ಪರವಾಗಿ ತೀರ್ಪೂ ಬಂತು. ಇಲ್ಲೊಂದು ವಿಚಿತ್ರ ಇದೆ. ನಾದಿರಾ ಎಂಬ ಕಲ್ಪನೆಯ ಹೆಣ್ಣಿನ ಕಥೆ ತೆಗೆದರೆ ಲೇಖಕಿ ಕೋರ್ಟಿನಲ್ಲಿ ಗೆಲ್ಲಬಹುದು, ಯಾಕೆಂದರೆ ಕಾದಂಬರಿಗೆ ಹಕ್ಕುಸ್ವಾಮ್ಯ ಇದೆ. ತಲಾಖ್ ಆಗಿ ಮನೆಬಿಟ್ಟ ನಿಜವಾದ ಹೆಣ್ಣಿನ ಕಥೆ ತೆಗೆದರೆ ಅವಳ ಮಗಳು ಗೆಲ್ಲುವುದಿಲ್ಲ. ಬರೆದ ಪುಸ್ತಕಕ್ಕೆ ಒಡೆಯರಿದ್ದಾರೆ, ಬಾಳಿದ ಬದುಕಿಗೆ ಇಲ್ಲ.

ಇದಕ್ಕೆ ಕಾರಣವೂ ಇದೆ. ಬದುಕಿಗೆ ಒಡೆತನ ಕೊಟ್ಟರೆ ಮೊದಲು ಅದನ್ನು ಬಳಸುವವರು ಶಾಬಾನು ಮಕ್ಕಳಲ್ಲ, ಮಂತ್ರಿಗಳ ಮತ್ತು ಕೋಟ್ಯಧಿಪತಿಗಳ ಮಕ್ಕಳು. ಹಗರಣದ ಮೇಲೆ, ತುರ್ತು ಪರಿಸ್ಥಿತಿಯ ಮೇಲೆ, ಗಲಭೆಯ ಮೇಲೆ ಒಂದು ಸಿನಿಮಾವೂ ಬರಲಿಕ್ಕಿಲ್ಲ. 2023ರಲ್ಲಿ 'ಸ್ಕೂಪ್' ಸರಣಿಯನ್ನು ತಡೆಯಬೇಕು, ಅದರಲ್ಲಿ ತನ್ನ ಹೆಸರು, ಚಿತ್ರ, ಧ್ವನಿ ಬಳಸಿದ್ದಾರೆ ಎಂದು ಬಾಂಬೆ ಹೈಕೋರ್ಟಿಗೆ ಹೋದದ್ದು ಯಾರು ಗೊತ್ತೇ? ಜೈಲಿನಲ್ಲಿದ್ದ ಭೂಗತ ದೊರೆ ಛೋಟಾ ರಾಜನ್! ಕೋರ್ಟ್ ತಡೆ ಕೊಡಲಿಲ್ಲ. ಕೊಡದಿದ್ದದ್ದೇ ಒಳ್ಳೆಯದಾಯಿತು.

ಕಾನೂನಿನ ಗೆರೆ ಸುಮಾರಾಗಿ ಹೀಗಿದೆ. 1994ರಲ್ಲಿ ತಮಿಳುನಾಡಿನ ಕೊಲೆ ಅಪರಾಧಿ ಆಟೋ ಶಂಕರ್‌ನ ಆತ್ಮಕಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇನೆಂದರೆ, ಸಾರ್ವಜನಿಕ ದಾಖಲೆಯಲ್ಲಿ ಇರುವುದನ್ನು ಯಾರ ಒಪ್ಪಿಗೆಯೂ ಇಲ್ಲದೆ ಪ್ರಕಟಿಸಬಹುದು. ಅದನ್ನು ದಾಟಿ ಮನೆ, ಮದುವೆ, ಮಕ್ಕಳ ವಿಷಯಕ್ಕೆ ಹೋದರೆ ಒಪ್ಪಿಗೆ ಬೇಕು, ಇಲ್ಲದಿದ್ದರೆ ಖಾಸಗಿತನದ ಉಲ್ಲಂಘನೆಗೆ ಉತ್ತರ ಕೊಡಬೇಕಾಗುತ್ತದೆ. ಸತ್ತವರ ವಿಷಯದಲ್ಲಿ ಈ ಬಾಗಿಲು ಹೆಚ್ಚುಕಡಿಮೆ ಮುಚ್ಚಿದೆ. ಆದರೂ ಸಣ್ಣ ಕಿಟಕಿಯೊಂದು ತೆರೆದೇ ಇದೆ. ಮಾನಹಾನಿಯ ಕಾನೂನು, ಹಿಂದೆ ಐಪಿಸಿ 499 ಇದ್ದದ್ದು ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ, ಮೃತ ವ್ಯಕ್ತಿಯ ಬಗ್ಗೆ ಆಡಿದ ಮಾತೂ ಕುಟುಂಬದವರ ಮನಸ್ಸು ನೋಯಿಸುವ ಉದ್ದೇಶದ್ದಾಗಿದ್ದರೆ ಅಪರಾಧವಾಗಬಹುದು ಎನ್ನುತ್ತದೆ. ಉದ್ದೇಶ ಸಾಬೀತು ಮಾಡುವುದು ಸುಲಭವಲ್ಲ ಎಂಬುದು ಬೇರೆ ಮಾತು.

ಥಿಯೇಟರ್ ಸಿನಿಮಾಗಳಿಗೆ ಸೆನ್ಸಾರ್ ಮಂಡಳಿಯ ಸರ್ಟಿಫಿಕೇಟ್ ಬೇಕು, ಒಟಿಟಿಗೆ ಅದೂ ಬೇಡ, 2021ರ ಐಟಿ ನಿಯಮಗಳಂತೆ ಅವರೇ ಸ್ವಯಂ ನಿಯಂತ್ರಣ ಮಾಡಿಕೊಳ್ಳಬೇಕು. ಮಂಡಳಿ ನೋಡುವುದು ಹಿಂಸೆ, ಅಶ್ಲೀಲತೆ, ಶಾಂತಿಭಂಗ ಇತ್ಯಾದಿ. ಪಾತ್ರದ ಹಿಂದಿರುವ ನಿಜ ಮನುಷ್ಯನಿಗೆ ನ್ಯಾಯ ಸಿಕ್ಕಿದೆಯೇ ಎಂದು ತೂಗಿ ನೋಡುವುದು ಅದರ ಕೆಲಸವಲ್ಲ.

ಮೂರು ಸೆಕೆಂಡಿನ ಡಿಸ್‌ಕ್ಲೇಮರ್

ಎಲ್ಲರಿಗೂ ಗೊತ್ತಿರುವ ಮದ್ದು ಡಿಸ್‌ಕ್ಲೇಮರ್. 'ಈ ಕಥೆಯ ಪಾತ್ರಗಳು ಕಾಲ್ಪನಿಕ' ಎಂಬ ಸಾಲು ಓದಿ ಮುಗಿಸುವ ಮೊದಲೇ ಮಾಯ ಆಗುತ್ತದೆ. ರೀಲ್ಸ್‌ನಲ್ಲಿ, ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ತುಂಡು ತುಂಡಾಗಿ ಬರುವ ದೃಶ್ಯಗಳಲ್ಲಂತೂ ಅದು ಇರುವುದೇ ಇಲ್ಲ.

ಬ್ರಿಟನ್ನಿನ ರಾಜಮನೆತನದ ಕುರಿತ 'ದಿ ಕ್ರೌನ್' ಸರಣಿಗೆ 'ಇದು ಕಲ್ಪನೆ' ಎಂಬ ಸೂಚನೆ ಹಾಕಿ ಎಂದು 2020ರಲ್ಲಿ ಅಲ್ಲಿನ ಸಂಸ್ಕೃತಿ ಸಚಿವರೇ ಕೇಳಿದ್ದರು. ನೆಟ್‌ಫ್ಲಿಕ್ಸ್ ಒಪ್ಪಲಿಲ್ಲ, ಇದು ನಾಟಕ ಎಂದು ಜನರಿಗೆ ಗೊತ್ತಿದೆ ಎಂದಿತು. 2022ರಲ್ಲಿ ಹಿರಿಯ ನಟಿ ಜೂಡಿ ಡೆಂಚ್ ಪತ್ರಿಕೆಗೆ ಪತ್ರ ಬರೆದು ಆಕ್ಷೇಪಿಸಿದರು. ರಾಣಿಯನ್ನು ಕೆಳಗಿಳಿಸುವ ಬಗ್ಗೆ ಚಾರ್ಲ್ಸ್ ತನ್ನ ಜೊತೆ ಮಾತಾಡಿದ ಹಾಗೆ ತೋರಿಸಿದ್ದು ಶುದ್ಧ ಸುಳ್ಳು ಎಂದು ಮಾಜಿ ಪ್ರಧಾನಿ ಜಾನ್ ಮೇಜರ್ ಕಡೆಯವರು ಹೇಳಿದರು. ಆಮೇಲೆ ಐದನೇ ಸೀಸನ್ನಿನ ಟ್ರೇಲರ್ ಕೆಳಗೆ 'ಕಾಲ್ಪನಿಕ ರೂಪಾಂತರ' ಎಂಬ ಸಾಲು ಸೇರಿತು. ಇಲ್ಲಿ ಗಮನಿಸಬೇಕಾದ್ದು, ರಾಜನಿಗೂ ಮಾಜಿ ಪ್ರಧಾನಿಗೂ ಬಾಯಿ ಇದೆ. ಅವರು ಒಂದು ಮಾತು ಆಡಿದರೆ ಮರುದಿನ ಎಲ್ಲ ಪತ್ರಿಕೆಯ ಮುಖಪುಟದಲ್ಲಿ ಬರುತ್ತದೆ.

ಬಾಯಿ ಇಲ್ಲದವರ ಗತಿ ಬೇರೆ. 2024ರ 'ಬೇಬಿ ರೈನ್‌ಡಿಯರ್' ಸರಣಿ 'ಇದು ನಿಜವಾದ ಕಥೆ' ಎಂದೇ ಶುರುವಾಗುತ್ತದೆ. ಒಬ್ಬ ಹಾಸ್ಯಗಾರನನ್ನು ಬೆನ್ನು ಬಿಡದೆ ಕಾಡುವ ಹೆಂಗಸಿನ ಕಥೆ ಅದು, ಅವಳಿಗೆ ಬೇರೆ ಹೆಸರು ಕೊಟ್ಟಿದ್ದರು. ಕೆಲವೇ ದಿನಗಳಲ್ಲಿ ಜನ ಹಳೇ ಪೋಸ್ಟ್‌ಗಳನ್ನು ಹುಡುಕಿ ಇವಳೇ ಅವಳು ಎಂದು ಒಬ್ಬರ ಮೇಲೆ ಮುಗಿಬಿದ್ದರು. ಸರಣಿಯಲ್ಲಿ ಆ ಪಾತ್ರ ತಪ್ಪೊಪ್ಪಿ ಜೈಲಿಗೆ ಹೋಗುತ್ತದೆ, ತನಗೆ ಅಂಥ ಶಿಕ್ಷೆಯೇ ಆಗಿಲ್ಲ ಎಂದು ಆ ಮಹಿಳೆ ಅಮೆರಿಕದಲ್ಲಿ ಮೊಕದ್ದಮೆ ಹೂಡಿದರು. 'ನಿಜವಾದ ಕಥೆ' ಎಂಬ ಆ ಸಾಲನ್ನೇ ಹಿಡಿದು ಅಲ್ಲಿನ ನ್ಯಾಯಾಧೀಶರು ಮಾನಹಾನಿಯ ದಾವೆ ಮುಂದುವರಿಯಲಿ ಎಂದರು.

ಇನ್ನೊಂದು ಪ್ರಕರಣದಲ್ಲಿ ಆದದ್ದು ಒಂದೇ ಒಂದು ಸಾಲಿನಿಂದ. 'ದಿ ಕ್ವೀನ್ಸ್ ಗ್ಯಾಂಬಿಟ್' ಪೂರ್ತಿ ಕಲ್ಪನೆಯ ಚೆಸ್ ಕಥೆ. ಅದರಲ್ಲಿ ಜಾರ್ಜಿಯಾದ ನಿಜವಾದ ಚೆಸ್ ಚಾಂಪಿಯನ್ ನೋನಾ ಗಾಪ್ರಿಂದಾಶ್ವಿಲಿ ಹೆಸರು ಹೇಳಿ, ಆಕೆ ಗಂಡಸರ ಎದುರು ಆಡಿಯೇ ಇಲ್ಲ ಎಂಬರ್ಥದ ಮಾತು ಬರುತ್ತದೆ. ಕಥೆ ನಡೆಯುವ 1968ರ ಹೊತ್ತಿಗೆ ಆಕೆ ಕನಿಷ್ಠ 59 ಗಂಡಸರ ಎದುರು ಆಡಿದ್ದರು. ಕಲ್ಪನೆಯ ನಾಯಕಿಯನ್ನು ದೊಡ್ಡದು ಮಾಡಲು ನಿಜವಾದ ಹೆಂಗಸನ್ನು ಚಿಕ್ಕದು ಮಾಡಿದಂತಾಯಿತು. ಎಂಬತ್ತು ವರ್ಷದ ಆಕೆ 2021ರಲ್ಲಿ ಕೋರ್ಟಿಗೆ ಹೋದರು, ಮರುವರ್ಷ ರಾಜಿಯಲ್ಲಿ ಮುಗಿಯಿತು. ಆ ಸಾಲು ಇಲ್ಲದಿದ್ದರೆ ಕಥೆಗೆ ಏನೂ ಕಡಿಮೆಯಾಗುತ್ತಿರಲಿಲ್ಲ.

ವ್ಯಕ್ತಿಯ ಬದಲು ಒಂದು ಊರೇ ಪಾತ್ರವಾದರೆ? ಅದು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2023ರ 'ದಿ ಕೇರಳ ಸ್ಟೋರಿ'ಯ ನರ್ಸಿಂಗ್ ಕಾಲೇಜು ಇರುವುದು ಕಾಸರಗೋಡಿನಲ್ಲಿ. ಮೊದಲ ಟೀಸರಿನಲ್ಲಿ 32,000 ಹುಡುಗಿಯರು ಎಂಬ ಲೆಕ್ಕ ಬಂತು, ಪ್ರಶ್ನೆ ಎದ್ದ ಮೇಲೆ ಟ್ರೇಲರಿನ ವಿವರಣೆಯಲ್ಲಿ ಅದು ಮೂವರಿಗೆ ಇಳಿಯಿತು. ಮೇ 18ರಂದು ಸುಪ್ರೀಂ ಕೋರ್ಟಿನ ಮುಂದೆ ನಿರ್ಮಾಪಕರು, 32,000 ಎಂಬುದಕ್ಕೆ ಅಧಿಕೃತ ಆಧಾರ ಇಲ್ಲ, ಚಿತ್ರ ಘಟನೆಗಳ ಕಾಲ್ಪನಿಕ ರೂಪ ಎಂಬ ಡಿಸ್‌ಕ್ಲೇಮರ್ ಸೇರಿಸಲು ಒಪ್ಪಿದರು. ಅಷ್ಟರಲ್ಲಿ ಸಿನಿಮಾ ಬಿಡುಗಡೆಯಾಗಿ ಎರಡು ವಾರ ಆಗಿತ್ತು. ಮೊದಲ ಎರಡು ವಾರದಲ್ಲಿ ನೋಡಿ ಮನೆಗೆ ಹೋದವರನ್ನು ಕರೆದು ಆ ಸಾಲು ಓದಿಸುವವರು ಯಾರು? ಒಬ್ಬ ವ್ಯಕ್ತಿಯಾದರೆ ಮಾನಹಾನಿ ಕೇಸಾದರೂ ಹಾಕಬಹುದು. ಒಂದು ಜಿಲ್ಲೆಗೆ ಅದೂ ಇಲ್ಲ.

ಬದಿಯಲ್ಲಿ ನಿಂತವರು

ಸಾರ್ವಜನಿಕ ವ್ಯಕ್ತಿ ಎಂದರೆ ಅವನೊಬ್ಬನೇ ಅಲ್ಲ. ಅವನಿಗೆ ಹೆಂಡತಿ ಇರುತ್ತಾಳೆ, ಮಕ್ಕಳಿರುತ್ತಾರೆ, ಅಕ್ಕಪಕ್ಕದ ಮನೆಯವರು ಇರುತ್ತಾರೆ. ಇವರು ಯಾರೂ ಚುನಾವಣೆಗೆ ನಿಂತವರಲ್ಲ, ಪತ್ರಿಕೆಗೆ ಹೇಳಿಕೆ ಕೊಟ್ಟವರಲ್ಲ. ಆದರೆ ಸಿನಿಮಾಕ್ಕೆ ಮನೆಯೊಳಗಿನ ದೃಶ್ಯ ಬೇಕು, ಆಗ ಇವರೂ ಕ್ಯಾಮೆರಾದ ಎದುರು ಬರುತ್ತಾರೆ.

ಗಡಿಯ ಕನ್ನಡಿಗರ ತಾಳವಾಡಿ ಸೀಮೆಗೆ ವೀರಪ್ಪನ್ ಕಥೆ ಹೊಸತಲ್ಲ. 2000ನೇ ಇಸವಿಯ ಜುಲೈ 30ರ ರಾತ್ರಿ ಡಾ. ರಾಜ್‌ಕುಮಾರ್ ಅಪಹರಣವಾದದ್ದು ಅಲ್ಲಿನ ಗಾಜನೂರಿನಿಂದ, ಬಿಡುಗಡೆ ಆದದ್ದು 108 ದಿನಗಳ ಮೇಲೆ. ಇವೆಲ್ಲ ಸೇರಿ 2013ರಲ್ಲಿ ಕನ್ನಡದ 'ಅಟ್ಟಹಾಸ' ಬಂತು, ತಮಿಳಿನಲ್ಲಿ 'ವನಯುದ್ಧಂ'. ವೀರಪ್ಪನ್ ಸತ್ತು ಎಂಟು ವರ್ಷ ಕಳೆದಿತ್ತು, ಆದರೆ ಹೆಂಡತಿ ಬದುಕಿದ್ದರು. ತನ್ನ ಮತ್ತು ಮಕ್ಕಳ ಬದುಕನ್ನು ಕೇಳದೆ ತೋರಿಸುತ್ತಿದ್ದಾರೆ ಎಂದು ಅವರು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟಿನವರೆಗೆ ಹೋಗಿ, 25 ಲಕ್ಷ ರೂಪಾಯಿ ಕೊಡುವುದೆಂದಾಗಿ ಸಿನಿಮಾ ತೆರೆಗೆ ಬಂತು. ಗಂಡ ಮಾಡಿದ ಕೊಲೆಗಳು ದಾಖಲೆಯಲ್ಲಿವೆ, ಅದನ್ನು ತೋರಿಸಲು ಯಾರ ಹಂಗೂ ಇಲ್ಲ. ಹೆಂಡತಿಯ ಸಂಸಾರ ದಾಖಲೆಯಲ್ಲ. ಹತ್ತು ವರ್ಷ ಕಳೆದು 2023ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ 'ದಿ ಹಂಟ್ ಫಾರ್ ವೀರಪ್ಪನ್' ಸಾಕ್ಷ್ಯಚಿತ್ರ ಬಂದಾಗ ಅದೇ ಮಹಿಳೆ ಕ್ಯಾಮೆರಾ ಎದುರು ಕೂತು ತಾವೇ ಮಾತಾಡಿದರು. ಅವರು ಹೇಳಿದ್ದನ್ನೆಲ್ಲ ಒಪ್ಪಬೇಕೆಂದಿಲ್ಲ. ಆದರೆ ಅದು ಅವರ ಬಾಯಿಂದ ಬಂದ ಮಾತು.

ಇದಕ್ಕಿಂತ ಕಠಿಣವಾದದ್ದು ಫೂಲನ್ ದೇವಿಯ ಪ್ರಕರಣ. 1994ರಲ್ಲಿ ಆಕೆ ಹನ್ನೊಂದು ವರ್ಷದ ಜೈಲುವಾಸ ಮುಗಿಸಿ ಹೊರಬಂದ ವರ್ಷವೇ ಶೇಖರ್ ಕಪೂರ್ ಅವರ 'ಬ್ಯಾಂಡಿಟ್ ಕ್ವೀನ್' ಸಿದ್ಧವಾಗಿತ್ತು. ಇದೂ 'ನಿಜವಾದ ಕಥೆ' ಎಂದೇ ಹೇಳಿಕೊಂಡ ಸಿನಿಮಾ. ಆಕೆಯ ಮೇಲೆ ನಡೆದ ಅತ್ಯಾಚಾರವನ್ನು, ಬೆತ್ತಲೆ ಮೆರವಣಿಗೆಯನ್ನು ತೆರೆಯ ಮೇಲೆ ಮತ್ತೆ ನಡೆಸಿದರು. ಬದುಕಿರುವ ಹೆಂಗಸು, ಅದೇ ನಗರದಲ್ಲಿ, ಆದರೆ ಮೊದಲು ಆಕೆಗೇ ಸಿನಿಮಾ ತೋರಿಸಲಿಲ್ಲ. ಅರುಂಧತಿ ರಾಯ್ ಅಂದು ಎತ್ತಿದ ಪ್ರಶ್ನೆಯೂ ಇದೇ, ಬದುಕಿರುವ ಹೆಣ್ಣಿನ ಅತ್ಯಾಚಾರವನ್ನು ಅವಳ ಒಪ್ಪಿಗೆ ಇಲ್ಲದೆ ಮತ್ತೆ ಅಭಿನಯಿಸುವ ಹಕ್ಕು ಯಾರಿಗಿದೆ? ಇನ್ನೂ ಒಂದು ಅಪಾಯ ಇತ್ತು. 1981ರ ಬೆಹ್ಮಾಯಿ ಹತ್ಯಾಕಾಂಡದ ಕೇಸು ಮುಗಿದಿರಲಿಲ್ಲ, ಸಿನಿಮಾ ಆಕೆಯನ್ನು ಅಲ್ಲಿ ನಿಲ್ಲಿಸಿತ್ತು. ಕೋರ್ಟಿನಲ್ಲಿ ತೀರ್ಮಾನವಾಗದ್ದು ಥಿಯೇಟರಿನಲ್ಲಿ ತೀರ್ಮಾನವಾದಂತೆ. ದಿಲ್ಲಿ ಹೈಕೋರ್ಟ್ ತಡೆ ಕೊಟ್ಟಿತು, ಆಮೇಲೆ ರಾಜಿಯಾಯಿತು.

ಅದೇ ಸಿನಿಮಾದ ಮೇಲೆ ಇನ್ನೊಂದು ಕೇಸೂ ಬಿತ್ತು. ಅತ್ಯಾಚಾರಿಯನ್ನು ಗುಜ್ಜರ್ ಎಂದು ತೋರಿಸಿ ಸಮುದಾಯಕ್ಕೆ ಅವಮಾನ ಮಾಡಿದ್ದಾರೆ ಎಂದು ಆ ಸಮುದಾಯದ ಒಬ್ಬರು ಹೋದರು. 1996ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಈ ಎರಡು ದೂರುಗಳ ನಡುವಿನ ವ್ಯತ್ಯಾಸ ಸಮುದಾಯದ ಯುವಕರು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಫೂಲನ್ ನೋವು ಅವಳ ಸ್ವಂತ ಮೈಯದ್ದು. ಎರಡನೆಯದ್ದು, ಕೆಟ್ಟವನು ನಮ್ಮವನಾದ್ದರಿಂದ ಅವನನ್ನು ತೋರಿಸಬಾರದು ಎಂಬ ವಾದ. ಖಳನಾಯಕನ ಹೆಸರು ತಮ್ಮ ಕಡೆಯದ್ದು ಎಂದ ಮಾತ್ರಕ್ಕೆ ಸಿನಿಮಾ ನಿಲ್ಲಿಸಬೇಕು ಎಂದರೆ ಅದು ಗುಜ್ಜರರಿಗೂ ಸಲ್ಲದು, ಮುಸ್ಲಿಮರಿಗೂ ಸಲ್ಲದು. ಇಲ್ಲದ್ದನ್ನು ಇದೆ ಎಂದು ತೋರಿಸಿದರೆ ಮಾತ್ರ ಆಕ್ಷೇಪಕ್ಕೆ ತೂಕ. ಗೀಬತ್ತಿಗೂ ಸುಳ್ಳಾರೋಪಕ್ಕೂ ಇರುವ ವ್ಯತ್ಯಾಸ ಮದ್ರಸದಲ್ಲೇ ಕಲಿತವರಿಗೆ ಇದು ಬೇಗ ಅರ್ಥವಾದೀತು.

ಗೋಡೆಯ ಮೇಲಿನ ಕ್ಯಾಲೆಂಡರ್

ಹೆಸರು ಬದಲಿಸುವುದರಲ್ಲೂ ಚೆನ್ನಾಗಿ ಮಾಡಿದವರು ಇದ್ದಾರೆ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ ಕಡಿಮೆ ದರದಲ್ಲಿ ಜನರನ್ನು ವಿಮಾನ ಹತ್ತಿಸಿದರು. ಅವರ ಆತ್ಮಕಥೆಯನ್ನು ಆಧರಿಸಿ 2020ರಲ್ಲಿ ತಮಿಳಿನ 'ಸೂರರೈ ಪೋಟ್ರು' ಬಂತು. ಗೊರೂರಿನ ಅಯ್ಯಂಗಾರ್ ಹುಡುಗ ಅದರಲ್ಲಿ ಮಧುರೈ ಕಡೆಯ ಸೋಳವಂದಾನಿನ ನೆಡುಮಾರನ್ ಆಗಿಬಿಟ್ಟ. ಕನ್ನಡಿಗರಿಗೆ ಸ್ವಲ್ಪ ಹೊಟ್ಟೆ ಉರಿದರೂ ಗೋಪಿನಾಥ್ ಅವರೇ ನೋಡಿ, ಕಲ್ಪನೆ ಬಹಳ ಇದೆ, ಆದರೆ ಒಳಗಿನ ಸತ್ವ ಸರಿಯಾಗಿದೆ ಎಂಬರ್ಥದಲ್ಲಿ ಮೆಚ್ಚಿದರು. ಪುಸ್ತಕ ಅವರದ್ದು, ಹೆಸರು ಬೇರೆ, ಯಾರಿಗೂ ಕೆಟ್ಟ ಹೆಸರು ಬರಲಿಲ್ಲ.

ಮರುವರ್ಷದ 'ಜೈ ಭೀಮ್' ಇನ್ನಷ್ಟು ಗಟ್ಟಿ ಸಿನಿಮಾ, ಆದರೆ ಅಲ್ಲಿ ಒಂದು ಕಡೆ ಎಡವಿದರು. 1993ರಲ್ಲಿ ಕಡಲೂರು ಜಿಲ್ಲೆಯಲ್ಲಿ ಪೊಲೀಸ್ ಕಸ್ಟಡಿಯಲ್ಲಿ ಸತ್ತ ರಾಜಾಕಣ್ಣು, ಅವರ ಹೆಂಡತಿಗಾಗಿ ಹೋರಾಡಿದ ವಕೀಲ ಚಂದ್ರು, ಎರಡೂ ನಿಜವಾದ ಹೆಸರುಗಳು. ಚಂದ್ರು ಆಮೇಲೆ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆದವರು. ಆದರೆ ಸತ್ತವರ ಸಮುದಾಯವನ್ನು ಕುರವರ್‌ನಿಂದ ಇರುಳರ್ ಎಂದು ಬದಲಿಸಿದರು. ಚಿತ್ರಹಿಂಸೆ ಕೊಟ್ಟ ಸಬ್ ಇನ್‌ಸ್ಪೆಕ್ಟರ್ ನಿಜದಲ್ಲಿ ಕ್ರಿಶ್ಚಿಯನ್, ಸಿನಿಮಾದಲ್ಲಿ ಅವನ ಹೆಸರು ಗುರುಮೂರ್ತಿ, ಮನೆಯ ಗೋಡೆಯಲ್ಲಿ ವನ್ನಿಯರ್ ಸಂಘಟನೆಯ ಚಿಹ್ನೆ ಇರುವ ಕ್ಯಾಲೆಂಡರ್. ಆ ಸಮುದಾಯದವರು ಸಿಟ್ಟಾದರು, ಚಿತ್ರತಂಡ ಕ್ಯಾಲೆಂಡರ್ ಬದಲಿಸಿತು, ನಿರ್ದೇಶಕರು ವಿಷಾದ ಹೇಳಿದರು. ಒಳ್ಳೆಯವರಿಗೆ ನಿಜ ಹೆಸರು, ಕೆಟ್ಟವನಿಗೆ ಮಾತ್ರ ಹೊಸ ಗುರುತು ಎಂದಾದಾಗ ಆ ಹೊಸ ಗುರುತು ಯಾರ ತಲೆ ಮೇಲೆ ಬೀಳುತ್ತದೆ ಎಂದು ಯೋಚಿಸಲೇಬೇಕು. ಸಿನಿಮಾದ ಮುಖ್ಯ ಮಾತು ಕಸ್ಟಡಿ ಸಾವು. ಕೆಲವು ದಿನ ಚರ್ಚೆ ಆದದ್ದು ಕ್ಯಾಲೆಂಡರಿನದ್ದು.

ನಿಜವನ್ನೇ ಹೇಳಿದರೂ ಬೈಗುಳ ತಿನ್ನಬೇಕಾದ ಸಂದರ್ಭವೂ ಉಂಟು. 2024ರ 'ಐಸಿ 814' ಸರಣಿಯಲ್ಲಿ ವಿಮಾನ ಅಪಹರಣಕಾರರು ಒಬ್ಬರನ್ನೊಬ್ಬರು ಭೋಲಾ, ಶಂಕರ್ ಎಂದು ಕರೆಯುತ್ತಾರೆ. ಮುಸ್ಲಿಂ ಉಗ್ರರಿಗೆ ಬೇಕೆಂದೇ ಹಿಂದೂ ಹೆಸರಿಟ್ಟಿದ್ದಾರೆ ಎಂದು ಗಲಾಟೆ ಎದ್ದಿತು, ಸರಕಾರ ನೆಟ್‌ಫ್ಲಿಕ್ಸ್‌ನವರನ್ನು ಕರೆಸಿತು. ಆದರೆ 1999ರ ಆ ಅಪಹರಣದಲ್ಲಿ ಅವರು ಬಳಸಿದ ಗುಪ್ತನಾಮಗಳು ಅವೇ, 2000ದ ಜನವರಿಯಲ್ಲಿ ಗೃಹ ಸಚಿವಾಲಯವೇ ಹೇಳಿಕೆಯಲ್ಲಿ ಹೇಳಿತ್ತು. ಕೊನೆಗೆ ಆರಂಭದಲ್ಲೇ ನಿಜ ಹೆಸರುಗಳನ್ನೂ ಹಾಕಿದರು. ಇಲ್ಲಿ ಸಿನಿಮಾದವರದ್ದು ತಪ್ಪಿಲ್ಲ. ದಾಖಲೆ ಓದದೆ ಫಾರ್ವರ್ಡ್ ಮಾಡಿದವರದ್ದು ತಪ್ಪು.

ಇಷ್ಟರ ನಡುವೆ ಒಂದು ಕುತೂಹಲದ ಕೊಂಡಿ ಇದೆ. 'ಹಕ್' ಸಿನಿಮಾಕ್ಕೆ ಆಧಾರವಾದ ಪುಸ್ತಕ ಬರೆದವರು ಜಿಗ್ನಾ ವೋರಾ. ಪತ್ರಕರ್ತ ಜೆ. ಡೇ ಕೊಲೆ ಪ್ರಕರಣದಲ್ಲಿ ಆರೋಪಿಯಾಗಿ ಬೈಕುಲ್ಲಾ ಜೈಲಿನಲ್ಲಿದ್ದು, 2018ರಲ್ಲಿ ನಿರ್ದೋಷಿ ಎಂದು ಬಿಡುಗಡೆಯಾದ ಪತ್ರಕರ್ತೆ ಅವರು. ಛೋಟಾ ರಾಜನ್ ತಡೆಯಲು ಹೊರಟ 'ಸ್ಕೂಪ್' ಸರಣಿ ಅವರದ್ದೇ ಬದುಕಿನ ಕಥೆ. ವ್ಯತ್ಯಾಸ ಇಷ್ಟೇ, ಜಿಗ್ನಾ ತನ್ನ ಕಥೆಯನ್ನು ತಾನೇ ಮೊದಲು ಪುಸ್ತಕವಾಗಿ ಬರೆದರು, ಸರಣಿ ಅದರ ಮೇಲೆ ನಿಂತಿತು. ಶಾಬಾನು ಪುಸ್ತಕ ಬರೆದವರಲ್ಲ.

ಕಯ್ಯೂರಿನ ಕಥೆ ಮಾಡುವುದಾದರೆ

ಕರಾವಳಿಯಲ್ಲಿ, ಗಡಿಯಾಚೆ ಕಾಸರಗೋಡಿನಲ್ಲಿ ಮೊಬೈಲಿನಲ್ಲೇ ಕಿರುಚಿತ್ರ ಮಾಡುವ ಹುಡುಗರು ಈಗ ಬೇಕಾದಷ್ಟಿದ್ದಾರೆ. ಅವರಲ್ಲಿ ಯಾರಾದರೂ ಕಯ್ಯೂರಿನ ಪಳ್ಳಿಕ್ಕಲ್ ಅಬೂಬಕ್ಕರ್ ಕುರಿತು ಸಿನಿಮಾ ಮಾಡಲು ಹೊರಟರು ಎಂದುಕೊಳ್ಳಿ. ಮಾಡಬೇಕಾದ ಕಥೆಯೇ ಅದು. 1941ರ ಮಾರ್ಚ್ 28, ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಜಮೀನ್ದಾರಿ ವಿರುದ್ಧ ರೈತರ ಮೆರವಣಿಗೆ, ಅದರ ನಡುವೆ ಸಿಕ್ಕಿಬಿದ್ದ ಒಬ್ಬ ಪೊಲೀಸ್ ಪೇದೆ, ಅವನು ಹೊಳೆಗೆ ಹಾರಿ ಮುಳುಗಿ ಸತ್ತ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರಿಗೆ ಗಲ್ಲು: ಅಪ್ಪು, ಚಿರುಕಂಡನ್, ಕುಂಞಂಬು ನಾಯರ್, ಅಬೂಬಕ್ಕರ್. ನಿರಂಜನರ 'ಚಿರಸ್ಮರಣೆ' ಇದರ ಮೇಲೇ ಬಂದದ್ದು, 1986ರಲ್ಲಿ ಮಲಯಾಳಂನ 'ಮೀನಮಾಸತ್ತಿಲೆ ಸೂರ್ಯನ್' ಸಿನಿಮಾವೂ ಬಂತು.

ಕೇಸಿನ ವಿವರ, ತಾರೀಕು, ಶಿಕ್ಷೆ, ಇವು ಸಿಗುತ್ತವೆ. ಅದನ್ನು ತಿರುಚುವ ಹಾಗಿಲ್ಲ. ಕಾದಂಬರಿಯ ಮಾತುಗಳನ್ನು ಅಬೂಬಕ್ಕರ್ ನಿಜವಾಗಿ ಆಡಿದ ಮಾತು ಎಂದು ಹಾಕುವ ಹಾಗೂ ಇಲ್ಲ, ಅವು ನಿರಂಜನರವು. ಗಲ್ಲಿನ ಹಿಂದಿನ ರಾತ್ರಿ ಅವರು ಏನು ಯೋಚಿಸಿದರು ಎಂಬುದನ್ನು ಬರೆಯಲೇಬೇಕಾಗುತ್ತದೆ, ಬರೆದರೆ ಅದು ಸ್ವಂತ ಕಲ್ಪನೆ ಎಂದು ಕೇಳಿದವರಿಗೆ ಹೇಳುವ ಧೈರ್ಯ ಇರಬೇಕು, ಟೈಟಲ್‌ನಲ್ಲಿ 'ನಿಜವಾದ ಕಥೆ' ಎಂದು ಹಾಕಿಕೊಳ್ಳಬಾರದು. ಕುಟುಂಬದವರು ಈಗಲೂ ಆ ಕಡೆ ಇದ್ದರೆ ಕ್ಯಾಮೆರಾ ಆನ್ ಮಾಡುವ ಮೊದಲು ಹೋಗಿ ಕೂತು ಮಾತಾಡಬೇಕು, ಸಿನಿಮಾ ಮುಗಿದ ಮೇಲೆ ಊರಿಗಿಂತ ಮೊದಲು ಅವರಿಗೆ ತೋರಿಸಬೇಕು. ಅವರು ಬೇಡ ಎಂದರೆ ನಿಲ್ಲಿಸಲೇಬೇಕೆಂದಿಲ್ಲ, ಹುತಾತ್ಮರ ಕಥೆ ಒಂದು ಮನೆಗೆ ಸೇರಿದ್ದಲ್ಲ. ಆದರೆ ಯಾಕೆ ಬೇಡ ಎನ್ನುತ್ತಾರೆ ಎಂದು ಕೇಳಿಕೊಳ್ಳದೆ ಮುಂದೆ ಹೋಗಬಾರದು.

ಇನ್ನು ಆ ಪೇದೆ. ಅವನ ಹೆಸರಿನಲ್ಲಿ ಯಾರೂ ಕಾದಂಬರಿ ಬರೆದಿಲ್ಲ, ಸ್ಮಾರಕ ಕಟ್ಟಿಲ್ಲ. ಅವನು ಹೊಳೆಗೆ ಹಾರುವ ಗಳಿಗೆಯಲ್ಲಿ ಜನ ನಗುವುದನ್ನು ತೋರಿಸಬೇಕೋ, ಬೆಚ್ಚಿ ನಿಲ್ಲುವುದನ್ನು ತೋರಿಸಬೇಕೋ, ಕ್ಯಾಮೆರಾ ದಡದಲ್ಲಿ ಇರಬೇಕೋ ನೀರಿನಲ್ಲಿ ಅವನ ಪಕ್ಕ ಇರಬೇಕೋ ಎಂದು ಕಿರುಚಿತ್ರದ ಹುಡುಗ ತೀರ್ಮಾನ ಮಾಡಬೇಕಾಗುತ್ತದೆ. ಹೊಳೆ ಈಗಲೂ ಅಲ್ಲೇ ಹರಿಯುತ್ತಿದೆ, ಶೂಟಿಂಗ್‌ಗೆ ಸೆಟ್ ಹಾಕಬೇಕಾಗಿಲ್ಲ.